ಗೋಡೆಯೊಳಗಿನದು ಮಾಲೀಕರದು, ಗೋಡೆಯ ಮೇಲಿನದು ನನ್ನದು

ಮುಂಬಯಿಯಲ್ಲಿ ಬಾಡಿಗೆ ಮನೆ ಎಂದರೆ ಬಹುಮಟ್ಟಿಗೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಹನ್ನೆರಡನೆಯ ತಿಂಗಳು ಎಲ್ಲಿರುತ್ತೇವೋ ಗೊತ್ತಿಲ್ಲದವರು ಗೋಡೆಗೆ ಮೊಳೆ ಹೊಡೆಯಲೂ ಹಿಂದೆಮುಂದೆ ನೋಡುತ್ತಾರೆ. ಅಂಥವರು ಮೀಟರ್ ರೂಮಿನಿಂದ ಪಾರ್ಕಿಂಗ್‌ವರೆಗೆ ತಾಮ್ರದ ಕೇಬಲ್ ಎಳೆಸಿ ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಬೇಕೇ? ದಾದರ್ ಪೂರ್ವದ ನಮ್ಮ ಬಾಡಿಗೆ ಮನೆಗೆ ನಾನು ಹಾಕಿಸಿದೆ. ನೀವೂ ಹಾಕಿಸಬಹುದು. ಆದರೆ ಮೊದಲು ಖರ್ಚನ್ನು ಎರಡು ಪಾಲು ಮಾಡಿ: ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದಾದದ್ದು ಒಂದು, ಅಲ್ಲೇ ಉಳಿಯುವುದು ಇನ್ನೊಂದು.

ನಮ್ಮ ಕೆಲಸಕ್ಕೆ ಒಟ್ಟು 22,000 ರೂಪಾಯಿ ತಗುಲಿತು. ಅದರಲ್ಲಿ ಕೇಬಲ್, ಪೈಪು, ಅರ್ಥಿಂಗ್, ಕೂಲಿ ಸೇರಿ 14,000. ಇಷ್ಟು ಉಳಿಯುವ ಪಾಲು. ಮನೆಯ ಮಾಲೀಕರೊಂದಿಗೆ ನೇರವಾಗಿಯೇ ಮಾತಾಡಿದೆ: "ಕಾಕಾ, ಗೋಡೆಯೊಳಗೆ ಹೋಗುವುದು ನಿಮ್ಮದು, ಗೋಡೆಯ ಮೇಲಿರುವುದು ನನ್ನದು. ನಾಳೆ ಬರುವ ಬಾಡಿಗೆದಾರನೂ ಇದನ್ನೇ ಕೇಳುತ್ತಾನೆ." ಅವರು ಅರ್ಧ ಕೊಡಲು ಒಪ್ಪಿದರು. ತಿಂಗಳಿಗೆ ಸಾವಿರದಂತೆ ಏಳು ತಿಂಗಳು ಬಾಡಿಗೆಯಲ್ಲಿ ವಜಾ. ತಿಂಗಳಿಗೆ 800 ಕಿಲೋಮೀಟರ್ ಓಡಿಸುವ ನನಗೆ ಹಳೆಯ ಕಾರಿನ ಪೆಟ್ರೋಲಿಗೆ ಹೋಲಿಸಿದರೆ ನಾಲ್ಕು ಸಾವಿರದಷ್ಟು ಉಳಿಯುತ್ತದೆ. ಹಾಗಾಗಿ ನನ್ನ ಕೈಯಿಂದ ಹೋದ 15,000 ರೂಪಾಯಿ ನಾಲ್ಕು ತಿಂಗಳಲ್ಲಿ ವಾಪಸು ಬಂದ ಹಾಗೆ. ಹನ್ನೊಂದು ತಿಂಗಳ ಕರಾರಿಗೂ ಈ ಲೆಕ್ಕ ತಾಳುತ್ತದೆ.

ತಾಳುವುದು ಸಣ್ಣ ಪಾಯಿಂಟ್ ಆದ್ದರಿಂದ. ಶೋರೂಮಿನವರು ಮೊದಲು ತೋರಿಸುವುದು 7.2 ಕಿಲೋವ್ಯಾಟ್‌ನ ವಾಲ್ ಬಾಕ್ಸ್. ಅದಕ್ಕೆ 32 ಆಂಪಿಯರ್ ಲೈನು ಬೇಕು, ದಪ್ಪ ಕೇಬಲ್ ಬೇಕು, ಮಂಜೂರಾದ ಲೋಡ್ ಏರಿಸಬೇಕು. ಬಾಡಿಗೆ ಮನೆಯವರಿಗೆ ಇದು ಬೇಡ. ಗೀಸರಿಗೆ ಹಾಕುವಂಥ 16 ಆಂಪಿಯರ್ ಪಾಯಿಂಟ್ ಗಂಟೆಗೆ ಮೂರು ಯುನಿಟ್ ದಾಟಿಸುತ್ತದೆ. ದಾದರ್‌ನಿಂದ ವಾಶಿಗೆ ಹೋಗಿಬಂದರೂ ಐವತ್ತು ಕಿಲೋಮೀಟರ್. ಯುನಿಟ್‌ಗೆ ಆರು ಕಿಲೋಮೀಟರ್ ಹಿಡಿದರೆ ಎಂಟೊಂಬತ್ತು ಯುನಿಟ್. ರಾತ್ರಿ ಊಟ ಮುಗಿಸಿ ಚುಚ್ಚಿದರೆ ನಡುರಾತ್ರಿಗೇ ತುಂಬಿರುತ್ತದೆ.

ಹಣ ನಿಜವಾಗಿ ಸೋರುವುದು ಮೀಟರಿನಲ್ಲಿ. ದಾದರ್‌ಗೆ ಕರೆಂಟು ಕೊಡುವುದು ಬೆಸ್ಟ್. ಮನೆಬಳಕೆಯ ದರ 100, 300, 500 ಯುನಿಟ್‌ಗಳ ಮೆಟ್ಟಿಲು ಹತ್ತುತ್ತ ಹೋಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಏಸಿಯಿಂದ 400 ಯುನಿಟ್ ಆಗುವ ಮನೆಗೆ ಕಾರಿನ 130 ಯುನಿಟ್ ಸೇರಿದರೆ ಕೊನೆಯ ಮೆಟ್ಟಿಲು ಮುಟ್ಟಿಬಿಡುತ್ತದೆ. ಕಾರು ತಿನ್ನುವುದು ಯಾವಾಗಲೂ ನಿಮ್ಮ ಅತಿ ದುಬಾರಿ ಯುನಿಟ್‌ಗಳನ್ನೇ. ಮನೆಯ ಬಳಕೆ 150-200ರೊಳಗಿದ್ದರೆ ಇರುವ ಮೀಟರೇ ಸಾಕು. ಮನೆಯ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯ ಅಡ್ಡಿಯಿಲ್ಲ. ಮನೆಯ ಬಳಕೆ ಅದಕ್ಕಿಂತ ಹೆಚ್ಚಿದ್ದರೆ ಬೇರೆ ಮೀಟರ್ ಕೇಳಿ. ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕನ್ನು 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಸೇರಿಸಲಾಗಿದೆ. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಮಾಲೀಕರಿಗಷ್ಟೇ ಅಲ್ಲ, ವಾಸವಿರುವವರಿಗೂ ಸಂಪರ್ಕ ಕೇಳುವ ಅಧಿಕಾರ ಕೊಡುತ್ತದೆ. ಮೀಟರ್ ನಿಮ್ಮ ಹೆಸರಿನಲ್ಲೇ ಇರಲಿ. ಠೇವಣಿ ಕಟ್ಟುವವರು ನೀವು. ಮಾಲೀಕರ ಹೆಸರಿನಲ್ಲಿದ್ದರೆ ಮನೆ ಬಿಡುವಾಗ ಆ ಠೇವಣಿಯ ಹಿಂದೆ ಓಡಾಡಬೇಕಾಗುತ್ತದೆ.

ಸೊಸೈಟಿಯ ವಿಷಯದಲ್ಲಿ ಮಾತ್ರ ಬಾಡಿಗೆದಾರ ಮುಂದೆ ನಿಲ್ಲಬಾರದು. ನಾವು ಸದಸ್ಯರಲ್ಲ. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲವೆಂದು 2010ರಲ್ಲಿ ನಹಾಲ್‌ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ದಹಿಸರ್‌ನ ಒಂದು ಸೊಸೈಟಿಯದೇ ಕೇಸು. ಸದಸ್ಯರಿಗೆ ಜಾಗ ಹಂಚುವುದು ಸೊಸೈಟಿ. ಆದ್ದರಿಂದ ಮಾಲೀಕರ ಹೆಸರಿಗೆ ಜಾಗ ಕೊಟ್ಟ ಪತ್ರವಿದೆಯೇ ನೋಡಿ, ಅರ್ಜಿಯನ್ನು ಅವರಿಂದಲೇ ಕೊಡಿಸಿ. ನಮ್ಮ ಸೆಕ್ರೆಟರಿ ಕೇಳಿದ್ದು ಎರಡೇ: ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರ ರಿಪೋರ್ಟು, ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ನಕ್ಷೆ. ಎರಡೂ ನ್ಯಾಯವಾದ ಬೇಡಿಕೆ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು ಚಾರ್ಜ್ ಮಾಡುವವರನ್ನು ಕಂಡಾಗ ನನಗೆ ಭಯವಾಗುತ್ತದೆ. ಬೆಂಕಿ ಒಬ್ಬರ ಮನೆಯಲ್ಲಿ ನಿಲ್ಲುವುದಿಲ್ಲ.

ಇನ್ನು ನೀರು. ಹಿಂದ್‌ಮಾತಾ ಜಂಕ್ಷನ್ನಿನಲ್ಲಿ ನೀರು ನಿಲ್ಲುವ ಸುದ್ದಿ ಕೇಳಿದ ಯಾರಿಗೂ ದಾದರ್ ಪೂರ್ವದ ಮಳೆಗಾಲವನ್ನು ವಿವರಿಸಬೇಕಿಲ್ಲ. ಪಾಲಿಕೆ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲೂ ಪರೇಲ್‌ನ ಸೇಂಟ್ ಝೇವಿಯರ್ಸ್ ಮೈದಾನದಡಿಯಲ್ಲೂ ಮಳೆನೀರಿನ ದೊಡ್ಡ ಟ್ಯಾಂಕು ಕಟ್ಟಿದ ಮೇಲೂ ನಾನು ನೆಲಮಟ್ಟವನ್ನು ನಂಬುವುದಿಲ್ಲ. ಪಾಯಿಂಟನ್ನು ಎದೆಯೆತ್ತರಕ್ಕೆ ಹಾಕಿಸಿದೆ, ಕೇಬಲ್‌ಗೆ ನಡುವೆ ಜೋಡಣೆ ಇಲ್ಲದಂತೆ ಒಂದೇ ಉದ್ದ ತರಿಸಿದೆ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದೆ. ಒಟ್ಟು ಖರ್ಚಿನಲ್ಲಿ ಚೌಕಾಸಿ ಮಾಡಬಾರದ ಭಾಗ ಇದು.

ಇಷ್ಟೂ ಮಾತನ್ನು ಕರಾರಿನಲ್ಲೇ ಬರೆಸಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕರಾರು ಹೇಗೂ ಲಿಖಿತವಾಗಿ ನೋಂದಣಿಯಾಗಲೇಬೇಕು. ಒಂದು ಕಲಂ ಹೆಚ್ಚಾದರೆ ಖರ್ಚು ಹೆಚ್ಚುವುದಿಲ್ಲ. ಯಾವುದನ್ನು ಬಿಚ್ಚಿಕೊಂಡು ಹೋಗುತ್ತೇನೆ, ಯಾವುದನ್ನು ಬಿಟ್ಟು ಹೋಗುತ್ತೇನೆ, ವಜಾ ಎಷ್ಟು, ಅವಧಿಗೆ ಮೊದಲೇ ಮನೆ ಬಿಡಿಸಿದರೆ ಉಳಿದ ವಜಾ ಏನಾಗುತ್ತದೆ, ಎಲ್ಲವೂ ಅಲ್ಲಿರಲಿ.

ದಾದರ್‌ನ ಹಳೆಯ ಪಗಡಿ (ದೊಡ್ಡ ಮುಂಗಡ, ಅಲ್ಪ ಬಾಡಿಗೆ) ಕಟ್ಟಡಗಳಲ್ಲಿ ಪಾರ್ಕಿಂಗೇ ಇಲ್ಲ, ಕಾರು ರಸ್ತೆ ಬದಿಗೆ. ಅಲ್ಲಿರುವವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಶಿವಾಜಿ ಪಾರ್ಕ್ ಬಳಿಯ ಕೊಹಿನೂರ್ ಸಾರ್ವಜನಿಕ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಇದೆ. ಆದರೆ ಸಾರ್ವಜನಿಕ ಚಾರ್ಜರಿನ ದರವೂ ಕಾಯುವ ಹೊತ್ತೂ ಸೇರಿದರೆ ಉಳಿತಾಯದ ದೊಡ್ಡ ಪಾಲು ಕರಗುತ್ತದೆ. ಅಂಥ ಮನೆಯ ಗೆಳೆಯರಿಗೆ ನಾನು ಸದ್ಯ ಹೇಳುವುದು, ಬ್ಯಾಟರಿ ಕಳಚಿ ಮೇಲೆ ಒಯ್ಯಬಹುದಾದ ಸ್ಕೂಟರ್ ಕೊಳ್ಳಿ, ಕಾರಿನ ಸಾಲ ಈಗ ಬೇಡ ಎಂದು.