ಮನೆಯ ಶೋಧನೆ ಮತ್ತು ವಿಚಾರಣೆ: ವ್ಯಾಪಾರಸ್ಥರು ತಿಳಿದಿರಬೇಕಾದ ಸಾಂವಿಧಾನಿಕ ಮಿತಿಗಳು

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅನಂತರದ ಕರನಿರಾಕರಣೆಯ ಕಾಲದಲ್ಲಿ ತಾಲೂಕಿನ ಅನೇಕ ಕುಟುಂಬಗಳ ಆಸ್ತಿಪಾಸ್ತಿ ಜಪ್ತಿಯಾಯಿತು. ಹೊಸ್ತಿಲು ದಾಟಿ ಬಂದ ಅಧಿಕಾರಿಯನ್ನು ಪ್ರಶ್ನಿಸಲು ಮೂಲಭೂತ ಹಕ್ಕು ಎಂಬುದೇ ಆಗ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಆ ಹಕ್ಕನ್ನು ನೀಡಿತಾದರೂ ಅದರ ವ್ಯಾಪ್ತಿ ಸ್ಪಷ್ಟವಾಗಲು ದೀರ್ಘಕಾಲ ಹಿಡಿಯಿತು.

ಶೋಧನೆಯಿಂದ ಅನುಚ್ಛೇದ 20(3)ರ ಉಲ್ಲಂಘನೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಎಂ. ಪಿ. ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಪೊಲೀಸರ ರಾತ್ರಿಕಾಲದ ಮನೆ ಭೇಟಿಗಳನ್ನು ರದ್ದುಪಡಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮುಖ್ಯ ನಿಯಮಗಳು ಹೀಗಿವೆ:

1. ವಾರಂಟ್ ಇಲ್ಲದೆ ಶೋಧಿಸುವ ತನಿಖಾಧಿಕಾರಿಯು ಅದಕ್ಕೆ ಕಾರಣವನ್ನು ಮೊದಲೇ ಬರಹದಲ್ಲಿ ದಾಖಲಿಸಬೇಕು. ಅದರ ಪ್ರತಿಯು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು (ಕಲಂ 185).

2. ಇಬ್ಬರು ಅಥವಾ ಹೆಚ್ಚಿನ ಪಂಚರು ಹಾಜರಿರಬೇಕು. ಮನೆಯವರು ಶೋಧನೆಯನ್ನು ನೋಡಬಹುದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಅವರಿಗೆ ದೊರೆಯಬೇಕು (ಕಲಂ 103).

3. ಶೋಧನೆಯ ಧ್ವನಿ ಮತ್ತು ದೃಶ್ಯ ಮುದ್ರಣ ಕಡ್ಡಾಯ (ಕಲಂ 105).

4. ಮಹಿಳೆಯರನ್ನು, 15 ವರ್ಷದೊಳಗಿನ ಹಾಗೂ 60 ವರ್ಷ ಮೀರಿದ ಪುರುಷರನ್ನು ವಿಚಾರಣೆಗಾಗಿ ಸಾಕ್ಷಿಗಳೆಂದು ಠಾಣೆಗೆ ಕರೆಸುವಂತಿಲ್ಲ (ಕಲಂ 179). ತಮ್ಮನ್ನೇ ಅಪರಾಧಕ್ಕೆ ಗುರಿಮಾಡುವ ಪ್ರಶ್ನೆಗೆ ಉತ್ತರಿಸಬೇಕಿಲ್ಲ (ಕಲಂ 180). ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ (ಕಲಂ 181).

ತೆರಿಗೆ ಇಲಾಖೆಗಳ ಕ್ರಮ ಬೇರೆ. ಜಿಎಸ್‌ಟಿ ಕಾಯ್ದೆಯ ಕಲಂ 67ರಂತೆ ಶೋಧನೆಗೆ ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. ಆದಾಯ ತೆರಿಗೆಯ ಸರ್ವೆ ವ್ಯಾಪಾರದ ಸ್ಥಳಕ್ಕೆ ಸೀಮಿತ. ಆದರೆ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆ ಎಂದು ವ್ಯಾಪಾರಸ್ಥನೇ ಹೇಳಿದರೆ ಮನೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಕಾರವಾರ, ಅಂಕೋಲೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪುಸ್ತಕಗಳನ್ನು ಅಂಗಡಿಯಲ್ಲಿಯೇ ಇಡುವುದು ಕ್ಷೇಮ. ಆದಾಯ ತೆರಿಗೆ ಶೋಧನೆಯಲ್ಲಿ ಪ್ರಮಾಣದ ಮೇಲೆ ಪಡೆಯುವ ಹೇಳಿಕೆಯು ಸಾಕ್ಷ್ಯವಾಗುವುದರಿಂದ ಅದನ್ನು ಪೂರ್ಣ ಓದಿ, ತಪ್ಪುಗಳನ್ನು ತಿದ್ದಿಸಿಯೇ ಸಹಿ ಮಾಡತಕ್ಕದ್ದು.

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯ. ಶೋಧನೆ ನಿಯಮಬಾಹಿರವಾಗಿದ್ದ ಮಾತ್ರಕ್ಕೆ ದೊರೆತ ದಾಖಲೆ ಸಾಕ್ಷ್ಯಕ್ಕೆ ಅನರ್ಹವಾಗುವುದಿಲ್ಲ ಎಂಬುದು 1973ರ ಪೂರನ್ ಮಲ್ ಪ್ರಕರಣದ ತೀರ್ಪು. ಆದುದರಿಂದ ಬಾಗಿಲಲ್ಲಿ ಅಡ್ಡಿಪಡಿಸುವುದರಿಂದ ಲಾಭವಿಲ್ಲ; ಅದು ಬೇರೊಂದು ಅಪರಾಧವಾದೀತು. ಅಧಿಕಾರಪತ್ರವನ್ನು ಓದುವುದು, ಗುರುತಿನ ಚೀಟಿ ಕೇಳುವುದು, ಪಂಚನಾಮೆಯ ಪ್ರತಿ ಪಡೆಯುವುದು, ಆಕ್ಷೇಪಣೆಯನ್ನು ಅಂದೇ ಲಿಖಿತವಾಗಿ ಸಲ್ಲಿಸುವುದು, ಇವೇ ಮುಂದೆ ನ್ಯಾಯಾಲಯದಲ್ಲಿ ನೆರವಾಗುವ ಆಧಾರಗಳು.