ಡೈರಿ ಸಭೆಯಲ್ಲಿ ಬಾಯಿಬಿಟ್ಟು ಕೇಳಿ

ಕನಕಪುರ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಲ್ಲುವವರಲ್ಲಿ ಒಂದು ಹಸುವಿನವರೂ ಇದ್ದಾರೆ, ಹತ್ತು ಹಸುವಿನವರೂ ಇದ್ದಾರೆ. ಸಂಘದಲ್ಲಿ ಇಬ್ಬರಿಗೂ ಒಂದೇ ಓಟು. ಆದರೂ ಜಗಳ ಹುಟ್ಟುವುದು ಹಾಲು ಅಳೆಯುವ ಕಡೆಯೇ: ‘ನನಗ್ಯಾಕೆ ಫ್ಯಾಟ್ ಕಮ್ಮಿ ಬಂತು?’ ಜಗಲಿ ಮೇಲೆ ಕೂತು ಗೊಣಗಿದರೆ ಇದು ಬಗೆಹರಿಯದು. ಕಾರ್ಯದರ್ಶಿಗಳೇ, ಹಾಲು ಹಾಕಿದವರ ಕಣ್ಣೆದುರೇ ಪರೀಕ್ಷೆ ಮಾಡಿ, ಚೀಟಿ ಕೈಗೆ ಕೊಡಿ. ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಉಳಿದರ್ಧಕ್ಕೆ ವಾರ್ಷಿಕ ಸಭೆಯಿದೆ. ಸಹಕಾರ ಸಂಘಗಳ 1959ರ ಕಾಯ್ದೆಯಂತೆ ಅದು ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಬೋನಸ್ ಎಷ್ಟೆಂದು ಕೇಳಿ, ಊಟ ಮುಗಿಸಿ ಎದ್ದುಬರುವ ಸಭೆಯಲ್ಲ ಅದು (ಎಷ್ಟೋ ಕಡೆ ಹಾಗೇ ಆಗಿದೆ ಅನ್ನಿ). ಪಶು ಆಹಾರದ ಲೆಕ್ಕ, ಊರೊಳಗಿನ ಹಾಲು ಮಾರಾಟದ ಲೆಕ್ಕ ಗಟ್ಟಿಯಾಗಿ ಓದಿಸಿ. ಹಾಲು ಕರೆಯುವ ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲು ಅವರೇ ಮಾತಾಡಲಿ.