ಕಳೆಯುತ್ತ ಹೋದವರು, ಕೂಡಿಸುತ್ತ ಹೋದವರು

ನಮ್ಮ ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ‘ಅಬ್‌ಸ್ಟ್ರಾಕ್ಷನ್’ ಅಂದ್ರೆ ಬೇಡದ ವಿವರ ಮುಚ್ಚಿಟ್ಟು ಬೇಕಾದಷ್ಟನ್ನೇ ತೋರಿಸುವುದು. ಅಮೂರ್ತ ಚಿತ್ರಕಲೆ ಅಂದ್ರೂ ಇಷ್ಟೇನಾ? 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯ ಇಬ್ಬರು ಕಲಾವಿದರನ್ನು ಜೊತೆಗಿಟ್ಟು ಒಂದು ಪ್ರದರ್ಶನ ಮಾಡಿತು. ಒಬ್ಬರು ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ (1862–1944), ಇನ್ನೊಬ್ಬರು ನೆದರ್ಲೆಂಡ್ಸಿನ ಪೀಟ್ ಮೊಂಡ್ರಿಯಾನ್ (1872–1944). ಈ ಜೋಡಿಯ ಮೂಲಕ ನಮ್ಮ ಪ್ರಶ್ನೆಗೆ ಉತ್ತರ ಹುಡುಕೋಣ.

ಇವರಿಬ್ಬರು ಒಮ್ಮೆಯೂ ಭೇಟಿಯಾದವರಲ್ಲ. ಮತ್ತೆ ಜೋಡಿ ಮಾಡಿದ್ದು ಯಾಕೆ? ಎರಡನ್ನು ಹೋಲಿಸಬೇಕಾದರೆ ಕೆಲವು ಅಂಶಗಳಾದರೂ ಸಮಾನವಾಗಿರಬೇಕಲ್ಲವೇ? ಇಬ್ಬರೂ ಅಕಾಡೆಮಿಯಲ್ಲಿ ಕಲಿತು, ಹೂವು, ಮರ, ಬಯಲುಗಳನ್ನು ಬಿಡಿಸುತ್ತ ಬೆಳೆದವರು. ಕಣ್ಣಿಗೆ ಕಾಣುವುದರ ಹಿಂದೆ ಕಾಣದ ವ್ಯವಸ್ಥೆಯೊಂದಿದೆ ಎಂಬ ಥಿಯಾಸಫಿಯ ವಿಚಾರ ಇಬ್ಬರನ್ನೂ ಸೆಳೆದಿತ್ತು. ಇನ್‌ಪುಟ್ ಹೆಚ್ಚುಕಡಿಮೆ ಒಂದೇ. ಔಟ್‌ಪುಟ್ ಮಾತ್ರ ಅಜಗಜಾಂತರ!

ಮೊಂಡ್ರಿಯಾನ್ ಕಳೆಯುತ್ತ ಹೋದರು. 1911ರ ‘ಬೂದು ಮರ’ದಲ್ಲಿ ಮರದ ಗುರುತು ಇನ್ನೂ ಸಿಗುತ್ತೆ, ಆದರೆ ಕೊಂಬೆಗಳು ಬಾಗಿದ ಗೆರೆಗಳ ಬಲೆಯಾಗಿವೆ. 1920ರ ದಶಕದ ಹೊತ್ತಿಗೆ ಆ ಬಾಗೂ ಹೋಯಿತು. ಉಳಿದದ್ದು ಅಡ್ಡ-ಉದ್ದ ಕಪ್ಪು ಗೆರೆ, ಕೆಂಪು, ಹಳದಿ, ನೀಲಿ, ಜೊತೆಗೆ ಬಿಳಿ ಮತ್ತು ಬೂದು. ನಮ್ಮ ಡ್ರಾಯಿಂಗ್ ಶೀಟ್ ನೆನಪಾಗಬಹುದು. ಆದರೆ ಇಲ್ಲಿ ಸಿಮೆಟ್ರಿ ಇಲ್ಲ. ಮೂಲೆಯ ಒಂದು ಪುಟ್ಟ ಬಣ್ಣದ ಚೌಕ ದೊಡ್ಡ ಖಾಲಿ ಜಾಗವನ್ನು ಸರಿತೂಗಿಸುತ್ತದೆ.

ಆಫ್ ಕ್ಲಿಂಟ್ ಕೂಡಿಸುತ್ತ ಹೋದರು. 1907ರ ‘ಹತ್ತು ಅತಿದೊಡ್ಡವು’ ಸರಣಿಯ ಒಂದೊಂದು ಚಿತ್ರವೂ 3 ಮೀಟರಿಗಿಂತ ಎತ್ತರ. ಬಾಲ್ಯದಿಂದ ಮುಪ್ಪಿನವರೆಗಿನ ಬದುಕು ಅಲ್ಲಿ ಸುರುಳಿ, ಎಸಳು, ಅಕ್ಷರಗಳಾಗಿ ಹಬ್ಬುತ್ತದೆ. ಇದು ವಿವರ ಬಿಡುವ ಕೆಲಸವಲ್ಲ, ಕಾಣದ್ದಕ್ಕೆ ಆಕಾರ ಕೊಡುವ ಕೆಲಸ. ಕಾಂತಕ್ಷೇತ್ರ ಕಣ್ಣಿಗೆ ಕಾಣದಿದ್ದರೂ ನಾವು ಗೆರೆ ಎಳೆದು ತೋರಿಸ್ತೀವಲ್ಲ, ಸ್ವಲ್ಪ ಹಾಗೆ. 1917ರಲ್ಲಿ ಅವರು ಪರಮಾಣುವಿನ ಮೇಲೂ ಒಂದು ಸರಣಿ ಬಿಡಿಸಿದರು.

ಈ ಜೋಡಿಯಿಂದ ಇನ್ನೊಂದು ವಿಷಯವೂ ಹೊರಬರುತ್ತದೆ. ಮೊಂಡ್ರಿಯಾನ್ ಬದುಕಿದ್ದಾಗಲೇ ಹೆಸರಾದವರು. ಆಫ್ ಕ್ಲಿಂಟ್ ತಮ್ಮ ಅಮೂರ್ತ ಚಿತ್ರಗಳನ್ನು ತಾವು ಸತ್ತು 20 ವರ್ಷದವರೆಗೆ ತೋರಿಸಬಾರದು ಎಂದು ಬಯಸಿದ್ದರು. ಅವು ಹೊರಜಗತ್ತಿನ ಗಮನಕ್ಕೆ ಬಂದದ್ದು 1986ರ ಲಾಸ್ ಏಂಜಲೀಸ್ ಪ್ರದರ್ಶನದಿಂದ. ಅಲ್ಲಿಯತನಕ ಅಮೂರ್ತ ಕಲೆಯ ಇತಿಹಾಸ ಅರ್ಧ ಡೇಟಾದಿಂದ ಎಳೆದ ಗ್ರಾಫ್‌ನಂತಿತ್ತು. ಬಿಟ್ಟುಹೋದ ಬಿಂದು ಸೇರಿದರೆ ಗೆರೆಯ ದಿಕ್ಕೇ ಬದಲಾಗುತ್ತದೆ. ಹಾಗಂತ ‘ಮೊದಲ ರ‍್ಯಾಂಕ್ ಯಾರಿಗೆ’ ಅಂತ ಕೂತರೆ, ಒಬ್ಬರನ್ನು ಇನ್ನೊಬ್ಬರ ಅಳತೆಗೋಲಿನಿಂದ ಅಳೆದಂತಾಗುತ್ತದೆ.

ಇಬ್ಬರದೂ ಒಂದೊಂದು ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ತೆರೆದು ನೋಡಿ. ಯಾವುದು ಚೆಂದ ಅನ್ನೋದು ಆಮೇಲಿರಲಿ. ಇಲ್ಲಿ ಏನನ್ನು ಕಳೆದಿದ್ದಾರೆ, ಅಲ್ಲಿ ಏನನ್ನು ಕೂಡಿಸಿದ್ದಾರೆ ಅಂತ ಮೊದಲು ಪಟ್ಟಿ ಮಾಡೋಣ.